ಬಿಟ್ಟ ಸ್ಥಳ ತುಂಬಿರಿ

ಆ ಚೀಲ ಇಳಿಯುವಾಗ ನಡುಗುತ್ತಿತ್ತು. ಮೂರನೇ ಮಾಳಿಗೆಯ ಕಿಟಕಿಯಿಂದ ನೀಲಿ ನೈಲಾನ್ ಹಗ್ಗಕ್ಕೆ ಕಟ್ಟಿದ ಬಟ್ಟೆಯ ಚೀಲ. ಗಾಳಿ ಇರಲಿ, ಇಲ್ಲದಿರಲಿ, ಸಣ್ಣಗೆ ನಡುಗುತ್ತಲೇ ಕೆಳಗೆ ಬರುತ್ತಿತ್ತು. ಮುಂಬಯಿಯ ಮುಲುಂಡಿನ ನಮ್ಮ ಬಿಲ್ಡಿಂಗ್ ಹಳೆಯದು, ಲಿಫ್ಟ್ ಇಲ್ಲ. ತರಕಾರಿಯವ ಕೆಳಗೆ ನಿಂತು ಕೂಗಿದರೆ ಮೇಲಿನವರೆಲ್ಲ ಹಗ್ಗ ಬಿಡುತ್ತಾರೆ. ಬೇರೆಯವರ ಚೀಲ ನೆಟ್ಟಗೆ ಇಳಿಯುತ್ತದೆ. ನಡುಗುವ ಚೀಲ ಟೀಚರದ್ದು ಮಾತ್ರ. ಹಗ್ಗ ಹಿಡಿದ ಅವರ ಕೈಯ ನಡುಕ ಎರಡು ಮಾಳಿಗೆ ಇಳಿದು, ಮೊದಲನೇ ಮಾಳಿಗೆಯಲ್ಲಿರುವ ನನ್ನ ಅಡುಗೆಮನೆಯ ಗ್ರಿಲ್ಲಿಗೆ ಬಂದು ತಾಗುತ್ತಿತ್ತು.

ಟೀಚರ್ ವಿಜಾಪುರದ ಕಡೆಯವರು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ಕಲಿಸಿ ರಿಟೈರ್ ಆದವರು. ಮದುವೆ ಆಗಿರಲಿಲ್ಲ. ಎರಡೂ ಮೊಣಕಾಲು ಹೋದ ಮೇಲೆ ಮೆಟ್ಟಿಲು ಇಳಿಯುವುದನ್ನೇ ಬಿಟ್ಟಿದ್ದರು. ಮೊದಲು ನಾನು ಯಾವಾಗಲಾದರೂ “ಮೆಲ್ಲ ನನ್ನ ಕೈ ಹಿಡ್ಕೊಂಡು ಇಳೀರಿ ಟೀಚರ್, ದೇವಸ್ಥಾನಕ್ಕೆ ಹೋಗಿ ಬರುವ” ಎಂದರೆ, “ನಾ ಇನ್ನ ಕೆಳಗ ಇಳಿಯೂದು ಒಮ್ಮೆ, ಅದೂ ನಾಲ್ಕ ಮಂದಿ ಹೆಗಲ ಮ್ಯಾಲೆ. ನೀ ಯಾಕ ತ್ರಾಸ ತಗೋತಿ?” ಎಂದು ನಗುತ್ತಿದ್ದರು.

ಅವರು ಇಳಿಯಲಾರರು. ನಾನು ಹೊರಗೆ ಹೋಗಲಾರೆ. ನನ್ನ ಯಜಮಾನರು ಗ್ರಾಂಟ್ ರೋಡಿನ ಒಂದು ಹೊಟೇಲಿನಲ್ಲಿ ಮ್ಯಾನೇಜರ್ ಆಗಿದ್ದವರು. ಕೌಂಟರಿನಲ್ಲಿ ಕೂತು ಒಳಗೆ ಆರ್ಡರ್ ಕೂಗಿದರೆ ರಸ್ತೆಯ ಆಚೆ ಬದಿಯವರಿಗೆ ಕೇಳಿಸುತ್ತಿತ್ತು. ಊರಿನಿಂದ ಬಂದ ನೆಂಟರು, “ನಿಮ್ಮವರು ಹೊಟೇಲಿಗೆ ಸೇರಿ ಹಾಳಾದ್ರು, ಯಕ್ಷಗಾನದ ಭಾಗವತರಾಗ್ಬೇಕಿತ್ತು” ಎಂದು ತಮಾಷೆ ಮಾಡುತ್ತಿದ್ದರು. ಅಂಥವರಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಹೋಯಿತು, ಮಾತೂ ಹೋಯಿತು. ಕಾಲು ಸ್ವಲ್ಪ ಸ್ವಲ್ಪ ತಿರುಗಿ ಬಂತು. ಮಾತು ಬರಲಿಲ್ಲ. ಬಾಯಿ ತೆರೆದರೆ “ಬ… ಬ…” ಅಷ್ಟೇ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ದೊಡ್ಡ ಅಕ್ಷರ ಓದಿದರೆ ತಿಳಿಯುತ್ತಿತ್ತು. ಹೊರಗೆ ಬರಲಿಕ್ಕೆ ಮಾತ್ರ ದಾರಿ ಇಲ್ಲ. ಬೇಕಾದ್ದನ್ನು ನಾನು ಊಹಿಸದೆ ಹೋದರೆ ಸ್ಟೀಲ್ ಲೋಟ ಹಿಡಿದು ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದರು. ಆ ಸದ್ದಿಗೆ ಹೆದರಿ ನಾನು ಬಾತ್ರೂಮಿನಲ್ಲೂ ಚಿಲಕ ಹಾಕುತ್ತಿರಲಿಲ್ಲ. ಇದ್ದ ಒಬ್ಬಳು ಮಗಳು ಗಂಡನ ಜೊತೆ ನಾಸಿಕ್‌ನಲ್ಲಿದ್ದಾಳೆ. ಅವಳಿಗೂ ಅವಳ ಸಂಸಾರ ಉಂಟು.

ಆ ಲೋಟದ ಸದ್ದು ಮೂರನೇ ಮಾಳಿಗೆಗೂ ಕೇಳಿಸುತ್ತಿತ್ತು. ಒಂದು ದಿನ ಟೀಚರ್ ಕಿಟಕಿಯಿಂದ ಕೂಗಿದರು.

“ಏ ತಂಗೀ, ಮ್ಯಾನೇಜರ್ ಸಾಹೇಬ್ರಿಗೆ ಏನ್ ಬೇಕಂತ?”

“ಎಂಥ ಬೇಕಂತ ಗೊತ್ತಾಗುದಿಲ್ಲ ಟೀಚರ್! ನೀರು ಕೊಟ್ಟೆ, ಬೇಡ. ಫ್ಯಾನ್ ಹಾಕಿದೆ, ಬೇಡ. ನಾನೇ ಬೇಡವಾ ಅಂತ ಕೇಳಿದೆ, ಅದಕ್ಕೂ ತಲೆ ಆಡಿಸಿದ್ರು!”

ಮೇಲಿನಿಂದ ನಗು ಬಂತು. ಮಾರನೇ ದಿನ ಚೀಲ ಬಂತು. ಅದರೊಳಗೆ ಅಂಗೈ ಅಗಲದ ಹನ್ನೆರಡು ದಪ್ಪ ಕಾರ್ಡುಗಳು. ಒಂದೊಂದರ ಮೇಲೆ ಒಂದೊಂದು ಮಾತು, ಕಪ್ಪಗೆ, ದೊಡ್ಡದಾಗಿ: ನೀರು, ಊಟ, ಚಾ, ಫ್ಯಾನ್, ನೋವು, ಸಾಕು. ಹಿಂದೆ ತಿರುಗಿಸಿದರೆ ಲಗ್ನಪತ್ರಿಕೆ! ಟೀಚರಿಗೆ ನಲವತ್ತು ವರ್ಷದಿಂದ ಬಂದ ಎಲ್ಲ ಲಗ್ನಪತ್ರಿಕೆಗಳೂ ಕಟ್ಟು ಕಟ್ಟಾಗಿ ಅವರ ಮಂಚದ ಕೆಳಗಿದ್ದವು. ಶಾಲೆಯಲ್ಲಿದ್ದಾಗ ಅವುಗಳ ಬೆನ್ನಿನ ಮೇಲೆ ಅ ಆ ಇ ಈ ಬರೆದು ಮಕ್ಕಳಿಗೆ ಹಂಚುತ್ತಿದ್ದರಂತೆ. ಕೈ ನಡುಗಲು ಶುರುವಾದ ಮೇಲೆ ಬರೆಯುವುದು ನಿಂತಿತು. ಆಗ ಒಂದು ಪ್ರಿಂಟರ್ ಕೊಂಡರು. ದಪ್ಪ ಕಾಗದವನ್ನು ಹಿಂದಿನಿಂದ ನೆಟ್ಟಗೆ ನುಂಗಿ, ಮಡಚದೆ ಮುಂದಿನಿಂದ ಕೊಡುವ ಹಳೆಯ ಪ್ರಿಂಟರ್. “ಈಗಿನವು ಕಾಗದಾನ ಸುತ್ತಿ ಸುತ್ತಿ ತಗೋತಾವು, ದಪ್ಪಂದು ಹಾಕಿದ್ರ ಗಂಟಲಾಗ ಸಿಕ್ಕೊಂತದ. ಇದು ಬರೋಬ್ಬರಿ ಉಣ್ಣುತದ” ಎಂದು ಅದನ್ನು ಹೊಗಳುತ್ತಿದ್ದರು. ನಾನು ಬರೆದು ಕೊಡೋಣವೆಂದರೆ ನನ್ನದು ಕಾಗೆ ಕಾಲು, ಗುಬ್ಬಿ ಕಾಲು. ಯಜಮಾನರು ಅದನ್ನು ನೋಡಿ ಮುಖ ತಿರುಗಿಸುತ್ತಿದ್ದರು.

ಹನ್ನೆರಡನೆಯ ಕಾರ್ಡು ಸಂಡಾಸಿನದ್ದು. ಅದರ ಹಿಂದೆ ಬಂಗಾರದ ಬಣ್ಣದ ಗಣಪತಿ. ಗ್ರಿಲ್ಲಿಗೆ ಮುಖ ಒತ್ತಿ ಕೂಗಿದೆ.

“ಟೀಚರ್, ಇದು ಸರಿಯಲ್ಲ! ಗಣಪತಿಯ ಬೆನ್ನಿಗೆ ಇದನ್ನು ಬರೆಯುದಾ?”

“ವಿಘ್ನ ತಗಿಯಾವ ಅವನ ಅಲ್ಲೇನು? ಇದಕ್ಕಿಂತ ದೊಡ್ಡ ವಿಘ್ನ ಯಾವದ ಹೇಳು!”

ನಾನು ಒಪ್ಪಲಿಲ್ಲ. ದೇವರ ವಿಷಯದಲ್ಲಿ ನಾನು ಹಟಮಾರಿ. ಮಧ್ಯಾಹ್ನದೊಳಗೆ ಬೇರೆ ಕಾರ್ಡು ಬಂತು. ತಿರುಗಿಸಿ ನೋಡಿದೆ. ಹಿಂದೆ, “ತಮ್ಮ ಸುಖಾಗಮನವನ್ನು ಬಯಸುವವರು” ಎಂದಿತ್ತು. ಯಜಮಾನರಿಗೆ ತೋರಿಸಿದೆ. ಸ್ಟ್ರೋಕ್ ಆದ ಮೇಲೆ ಅವರು ಮೊದಲ ಸಲ ನಕ್ಕದ್ದು ಅವತ್ತು, ಅರ್ಧ ಬಾಯಿಯಲ್ಲಿ. ಸಂಜೆ ದೀಪ ಹಚ್ಚಿ, ದಿನದಲ್ಲಿ ದೇವರು ಕೊಟ್ಟ ಸಣ್ಣಪುಟ್ಟದ್ದನ್ನು ನೆನೆಯುವುದು ನನ್ನ ಅಭ್ಯಾಸ. ಆ ದಿನ ನೆನೆಯಲು ಅದೊಂದೇ ಸಾಕಾಯಿತು.

ಆ ಮೇಲೆ ದಿನಕ್ಕೊಂದು, ಎರಡು ಕಾರ್ಡು ಬರುತ್ತಿದ್ದವು. ನಾನು ಚೀಲದಲ್ಲಿ ಕೃಷ್ಣಾಷ್ಟಮಿಯ ಉಂಡೆ, ಒಂದು ಡಬ್ಬಿ ಕೋಸಂಬರಿ ಇಟ್ಟು ಹಗ್ಗ ಜಗ್ಗುತ್ತಿದ್ದೆ, ಅವರು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಯಜಮಾನರು ಎಡಗೈಯಲ್ಲಿ ಕಾರ್ಡು ಎತ್ತಿ ತೋರಿಸುತ್ತಿದ್ದರು. ಲೋಟದ ಸದ್ದು ಕಡಿಮೆಯಾಯಿತು.

ಆದರೆ ಬೇರೊಬ್ಬರು ಬರೆದುಕೊಟ್ಟ ಮಾತಿನಲ್ಲಿ ಗಂಡಸು ಎಷ್ಟು ದಿನ ಬದುಕಿಯಾನು? ಒಂದು ಮಳೆಯ ದಿನ ಅವರಿಗೆ ಎಂಥದೋ ಹೇಳಲಿಕ್ಕಿತ್ತು. ಕಾರ್ಡುಗಳನ್ನೆಲ್ಲ ಮಗುಚಿ ಮಗುಚಿ ಹುಡುಕಿದರು. ಆ ಮಾತು ಅದರಲ್ಲಿ ಇರಲಿಲ್ಲ. ಅಡುಗೆಮನೆಗೆ ಕಾಲೆಳೆದುಕೊಂಡು ಬಂದು ಅಷ್ಟನ್ನೂ ಗ್ರಿಲ್ಲಿನ ಸಂದಿಯಿಂದ ಹೊರಗೆ ಎಸೆದುಬಿಟ್ಟರು. ನಾನು ಓಡಿ ಕೆಳಗೆ ಹೋಗಿ ಹೆಕ್ಕುವಾಗ ಮಳೆನೀರಿಗೆ ಶಾಯಿ ಕರಗಿ ಹರಿದಿತ್ತು. ಊಟ ಯಾವುದು, ನೋವು ಯಾವುದು ಗೊತ್ತಾಗದಂತೆ ಎಲ್ಲ ಒಂದೇ ಕಪ್ಪು. ಹಿಂದಿನ ವಧೂವರರ ಹೆಸರುಗಳು ಮಾತ್ರ ಹಾಗೇ ಇದ್ದವು.

ದೇವರ ಪರೀಕ್ಷೆ ನೋಡಿ. ಅದೇ ವಾರ ಟೀಚರ ಹಳೆಯ ಕಂಪ್ಯೂಟರ್ ಸತ್ತಿತ್ತು. ಥಾಣೆಯಲ್ಲಿರುವ ಅವರ ಅಣ್ಣನ ಮಗ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟು ಹೋಗಿದ್ದ. ಅದು ಪ್ರಿಂಟರನ್ನು ಗುರುತಿಸಲಿಲ್ಲ. ಡ್ರೈವರ್ ಇಲ್ಲ ಎಂದಿತು.

“ಡ್ರೈವರ್ ಅಂದ್ರೆ ಎಂಥದು ಟೀಚರ್?”

“ದುಭಾಷಿ. ಕಂಪ್ಯೂಟರಂದು ಒಂದ ಭಾಷಾ, ಪ್ರಿಂಟರಂದು ಒಂದ ಭಾಷಾ. ನಡುವ ಕುಂತು ತಿಳಿಸಿ ಹೇಳಾವ ಒಬ್ಬ ಬೇಕು. ಸಾಹೇಬ್ರಿಗೂ ಡಾಕ್ಟರಿಗೂ ನಡುವ ನೀ ಇದ್ದೀಯಲ್ಲ, ಹಂಗ. ಹೊಸಾ ಲ್ಯಾಪ್‌ಟಾಪಿಗೆ ಈ ಹಳೇ ಭಾಷಾ ಬಲ್ಲಾವ ಯಾರೂ ಸಿಗವಲ್ರು.”

ಪ್ರಿಂಟರ್ ಕಂಪೆನಿಗೆ ಫೋನ್ ಮಾಡಿದರು. ಅಲ್ಲಿಯ ಹುಡುಗಿ ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ, ಆ ಮಾದರಿ ನಿಂತುಹೋಗಿದೆ, ಹೊಸದು ತೆಗೆದುಕೊಳ್ಳಿ ಎಂದಳಂತೆ. ಅಣ್ಣನ ಮಗನೂ ಅದನ್ನೇ ಹೇಳಿದ. ಟೀಚರ್ ಕೇಳಲಿಲ್ಲ. ಅವರ ಪದ್ಧತಿಯೇ ಬೇರೆ. ನಾಲ್ಕು ಗೆರೆಯ ಕಾಪಿ ಪುಸ್ತಕ ತೆಗೆದು, ಪಟ್ಟಿ ಇಟ್ಟು ಗೆರೆ ಎಳೆದು, ಏನು ಮಾಡಿದೆ, ಏನಾಯಿತು ಎಂದು ನಡುಗುವ ಅಕ್ಷರದಲ್ಲಿ ಬರೆಯತೊಡಗಿದರು. ಇಂಟರ್ನೆಟ್ಟಿನಲ್ಲಿ ಎಲ್ಲೋ ಹಸಿರು ಬಟನ್ ಒತ್ತಿದರೆ, ಡ್ರೈವರ್ ಬರುವ ಬದಲು ಜೂಜಿನ ಜಾಹೀರಾತು ಬಂದು ಕೂತಿತು. ಅದನ್ನು ಓಡಿಸಲು ಎರಡು ದಿನ ಹೋಯಿತು. ಪುಸ್ತಕದಲ್ಲಿ ಅದನ್ನೂ ಬರೆದಿದ್ದರು: “ಮೋಸ ಹೋದೆ. ಹಸಿರು ಬಟನ್ ಒತ್ತಬಾರದು.”

ಕೆಳಗೆ ನನ್ನ ಮನೆಯಲ್ಲಿ ಲೋಟದ ಸದ್ದು ಮತ್ತೆ ಶುರುವಾಗಿತ್ತು. ಮೊದಲಿಗಿಂತ ಹೆಚ್ಚು. ಮಾತು ಒಮ್ಮೆ ಸಿಕ್ಕಿ ಹೋದದ್ದಲ್ಲವೇ? ನನಗೂ ಸಿಟ್ಟು. ಒಂದು ದಿನ ಲೋಟ ಕಸಿದುಕೊಂಡು, “ಬಡೀರಿ, ನನ್ನ ತಲೆಗೇ ಬಡೀರಿ!” ಎಂದೆ. ಅವರು ಮುದುರಿಕೊಂಡರು. ಕಾಯಿಲೆಯವರನ್ನು ಗದರಿದ ಪಾಪ ನನಗಿದೆ. ಅದನ್ನು ಮುಚ್ಚಿಡುವುದಿಲ್ಲ.

ಮಧ್ಯಾಹ್ನ ಅವರು ಒಂದು ಗಂಟೆ ಮಲಗುತ್ತಿದ್ದರು. ಆ ಹೊತ್ತಿನಲ್ಲಿ ನಾನು ಹೊರಗಿನಿಂದ ಬೀಗ ಹಾಕಿ, ಪ್ರತಿ ಸಲ “ಕೃಷ್ಣಾ, ನೀನೇ ನೋಡ್ಕೋ” ಎಂದು ಬಾಗಿಲು ಮುಟ್ಟಿ ನಮಸ್ಕರಿಸಿ, ಮೇಲೆ ಹತ್ತಿ ಹೋಗುತ್ತಿದ್ದೆ. ಪ್ರಿಂಟರಿನ ಬಟನ್ ಒತ್ತಿ ಹಿಡಿಯುವುದು, ತಂತಿ ಕಿತ್ತು ಮತ್ತೆ ಚುಚ್ಚುವುದು ನನ್ನ ಕೆಲಸ. ಟೀಚರ್ ಲ್ಯಾಪ್‌ಟಾಪಿನ ಎದುರು ಕನ್ನಡಕ ಮೂಗಿನ ತುದಿಗಿಟ್ಟು ಕೂರುತ್ತಿದ್ದರು. ಅದರೊಳಗೆ ಆ ಕಂಪೆನಿಯ ಪ್ರಿಂಟರುಗಳ ಒಂದು ಉದ್ದ ಪಟ್ಟಿ ಇತ್ತು. ನಮ್ಮ ಮಾದರಿಯ ಹೆಸರು ಅದರಲ್ಲಿ ಇರಲಿಲ್ಲ.

“ಎಲ್ಲಾ ಮಕ್ಕಳೂ ಹೆಸರ ಕೂಗಿದ್ರ ‘ಹಾಜರ’ ಅಂತಾವು. ಈ ಹುಡುಗೀ ಹೆಸರ ಹಾಜರಿ ಪಟದಾಗ ಇಲ್ಲ. ಹಂಗಂತ ಕ್ಲಾಸಿನಾಗಿಂದ ಹೊರಗ ಹಾಕಾಕ ಆಗ್ತದೇನು?” ಎಂದರು. “ಬ್ಯಾರೆಯವರ ಹೆಸರ ಕೂಗಿ ನೋಡೂಣು. ಯಾವದಕರ ಎದ್ದು ನಿಲ್ಲತಾಳ.”

ಹಾಜರಿ ಶುರುವಾಯಿತು. ಟೀಚರ್ ಪಟ್ಟಿಯಲ್ಲಿದ್ದ ಒಂದೊಂದೇ ನಂಬರನ್ನು ಗಟ್ಟಿಯಾಗಿ ಓದಿ, ಆಯ್ದು, ಒತ್ತುತ್ತಿದ್ದರು. ನಾನು ಪ್ರಿಂಟರಿನ ಮೇಲೆ ಕೈ ಇಟ್ಟು ಕೂತಿರುತ್ತಿದ್ದೆ. ಅಲುಗದಿದ್ದರೆ ನಾನು “ಗೈರು” ಎನ್ನಬೇಕು, ಅವರು ಪುಸ್ತಕದಲ್ಲಿ ಗುಣಾಕಾರದ ಗುರುತು ಹಾಕುತ್ತಿದ್ದರು. ಹೀಗೆ ಐದು ಮಧ್ಯಾಹ್ನ. ನನಗೆ ನಂಬಿಕೆ ಉಳಿದಿರಲಿಲ್ಲ. ಅವರ ಗೋಡೆಯ ಗಡಿಯಾರ ನೋಡುತ್ತಾ, ಕೆಳಗಿನ ಸದ್ದಿಗೆ ಕಿವಿ ಕೊಡುತ್ತಾ ಗೈರು, ಗೈರು ಎನ್ನುತ್ತಿದ್ದೆ.

ಆರನೇ ದಿನ ನನ್ನ ಕೈಯ ಕೆಳಗೆ ಪ್ರಿಂಟರ್ ಗುರ್ ಎಂದಿತು. ನಾನು ಹೆದರಿ ಕೈ ತೆಗೆದೆ.

“ಹಾಜರ್! ಟೀಚರ್, ಹಾಜರ್!”

ಅದೇ ಕಂಪೆನಿಯ, ನಮ್ಮದಕ್ಕಿಂತಲೂ ಹಳೆಯ ಯಾವುದೋ ಮಾದರಿಯ ಡ್ರೈವರ್ ಅದು. “ಅಕ್ಕನ ಹೆಸರ ಕೂಗಿದ್ರ ತಂಗಿ ಎದ್ದು ನಿಂತ್ಲು ನೋಡು!” ಎಂದು ಟೀಚರ್ ಚಪ್ಪಾಳೆ ತಟ್ಟಿದರು. ಒಂದು ಲಗ್ನಪತ್ರಿಕೆಯ ತುಂಡು ಹಾಕಿದೆವು. “ನೀರು” ಎಂದು ಒತ್ತಿದರು. ಕಾರ್ಡು ಹೊರಗೆ ಬಂತು. ಎಡಗಡೆ ಪೂರ್ತಿ ಖಾಲಿ. ಬಲಗಡೆ “ರು” ಮಾತ್ರ. “ಊಟ” ಹಾಕಿದರೆ “ಟ”. “ಸಾಕು” ಹಾಕಿದರೆ “ಕು”. ಅಕ್ಕನ ಅಳತೆಯ ರವಿಕೆ ತಂಗಿಗೆ ಹೊಂದದ ಹಾಗೆ, ಅಂಚು ಎಲ್ಲೋ ತಪ್ಪುತ್ತಿತ್ತು. ಏನು ಮಾಡಿದರೂ ಮೊದಲ ಅಕ್ಷರ ನುಂಗಿಹೋಗುತ್ತಿತ್ತು.

ಟೀಚರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅವರು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟರಲ್ಲಿ ಕೆಳಗಿನಿಂದ ಲೋಟ. ಆ ಮೂರು ಕಾರ್ಡು ಕೈಯಲ್ಲೇ ಹಿಡಿದುಕೊಂಡು ನಾನು ಮೆಟ್ಟಿಲು ಇಳಿದೆ.

ಯಜಮಾನರಿಗೆ ಬಾಯಾರಿಕೆಯಾಗಿತ್ತು ಎಂದು ಕಾಣುತ್ತದೆ. ನನ್ನ ಕೈಯಲ್ಲಿ ಕಾರ್ಡು ಕಂಡದ್ದೇ ಆಸೆಯಿಂದ ಕೈ ಚಾಚಿದರು. “ಇದು ಸರಿ ಆಗಲಿಲ್ಲ, ಅರ್ಧ ಬಂದಿದೆ” ಎಂದು ಕೊಟ್ಟೆ. ಅವರು ನೋಡಿದರು. “ರು”. ಮುಂದಿನ ಖಾಲಿ ಜಾಗವನ್ನು ಬೆರಳಿನಿಂದ ಕುಟ್ಟಿದರು. ನನ್ನ ಕಡೆ ನೋಡಿದರು, ಹೊಟೇಲಿನಲ್ಲಿ ಮಾಣಿ ತಪ್ಪು ಪ್ಲೇಟು ತಂದಾಗ ನೋಡುವ ಹಾಗೆ. ಮತ್ತೆ ಕುಟ್ಟಿದರು. ತುಟಿ ಎಳೆಯಿತು, ನಾಲಿಗೆ ಮೇಲೆ ಹೋಗಿ ಅಂಟಿತು.

“ನೀ” ಎಂದರು.

ಏಳು ತಿಂಗಳ ಮೇಲೆ ಆ ಮನೆಯಲ್ಲಿ ಅವರ ಬಾಯಿಯ ಒಂದು ಅಕ್ಷರ. ನಾನು ನೀರು ಕೊಡುವುದನ್ನೂ ಮರೆತು ಗ್ರಿಲ್ಲಿಗೆ ಓಡಿದೆ.

“ಟೀಚರ್! ‘ನೀ’ ಅಂದ್ರು! ಇವರು ‘ನೀ’ ಅಂದ್ರು!”

ಮೇಲಿನಿಂದ ಇಡೀ ಬಿಲ್ಡಿಂಗಿಗೆ ಕೇಳುವಂತೆ ಶಾಲೆಯ ದನಿ ಬಂತು.

“ಬಿಟ್ಟ ಸ್ಥಳ ತುಂಬಿದ್ರೇನ ಸಾಹೇಬ್ರು? ಶಾಬ್ಬಾಸ್! ಮೊದಲ ನೀರ ಕೊಡು ಹುಚ್ಚೀ, ಆಮ್ಯಾಲೆ ಕುಣಿ!”

ಅವತ್ತಿನಿಂದ ಟೀಚರ್ ಬೇಕೆಂದೇ ಅಂಥ ಕಾರ್ಡುಗಳನ್ನು ಕಳಿಸತೊಡಗಿದರು. ಖಾಲಿ ಬಂದ ಜಾಗದಲ್ಲಿ ಅವರೇ ಪೆನ್ನಿನಿಂದ ಒಂದು ಸೊಟ್ಟ ಗೆರೆ ಎಳೆಯುತ್ತಿದ್ದರು, ಪ್ರಶ್ನೆಪತ್ರಿಕೆಯಲ್ಲಿರುವ ಹಾಗೆ. ಭಾನುವಾರ ಅಣ್ಣನ ಮಗ ಬಂದ. ಪಾಪ, ಒಳ್ಳೆಯವನೇ. ಆಫೀಸಿನಲ್ಲಿ ಯಾರನ್ನೋ ಕೇಳಿ, ಎಲ್ಲಿಂದಲೋ ಸರಿಯಾದ ಡ್ರೈವರನ್ನೇ ಹುಡುಕಿ ತಂದಿದ್ದ. ನಾನೂ ಅಲ್ಲಿದ್ದೆ. “ನೀರು” ಪೂರ್ತಿ ಬಂತು.

“ಅತ್ತೀ, ಯೇ ದೇಖೋ, ಪೂರಾ ಬರ್ತದ ಈಗ! ಏಕ್‌ದಮ್ ಬರೋಬ್ಬರಿ.”

“ಹೂಂ. ಮೊದಲಿಂದು ಎಲ್ಲಿ ಹೋತು?”

“ಕೌನ್ಸಾ? ಆ ರಾಂಗ್ ವಾಲಾ? ಡಿಲೀಟ್ ಮಾಡೀನಿ.”

“ತಿರುಗಿ ಹಾಕು.”

“ಅತ್ತೀ! ಇಷ್ಟ್ ದಿನ ನೀನೇ ತೋ…”

“ಬರೋಬ್ಬರಿ ಬಂದ್ರ ಅವರು ಏನ್ ತುಂಬಬೇಕೋ? ತಿರುಗಿ ಹಾಕು.”

ಕೊನೆಗೆ ಅವನು ಎರಡನ್ನೂ ಇಟ್ಟ. ಒಂದೇ ಪ್ರಿಂಟರಿಗೆ ಲ್ಯಾಪ್‌ಟಾಪಿನಲ್ಲಿ ಎರಡು ಹೆಸರು. ಟೀಚರ್ ಅವನಿಂದ ಕನ್ನಡದಲ್ಲೇ ಬರೆಸಿದರು: ಒಂದು “ಪೂರ್ಣ”, ಇನ್ನೊಂದು “ಬಿಟ್ಟ ಸ್ಥಳ”. ನೋವು, ಸಂಡಾಸು ಇಂಥ ಅವಸರದ ಮಾತಿಗೂ ಒಂದೇ ಅಕ್ಷರದ ಚಾಕ್ಕೂ ಪೂರ್ಣ. ಉಳಿದದ್ದಕ್ಕೆ ಬಿಟ್ಟ ಸ್ಥಳ.

ಯಜಮಾನರು ಮತ್ತೆ ಮಾತಾಡುವವರಾದರು ಎಂದು ಸುಳ್ಳು ಬರೆಯುವುದಿಲ್ಲ. “ಊ”, “ಸಾ”, “ನೀ”, ನನ್ನ ಹೆಸರಿನ ಮೊದಲ ಅಕ್ಷರ. ಅಷ್ಟಕ್ಕೆ ಉಳಿದ ಮಳೆಗಾಲ, ಒಂದು ಚಳಿಗಾಲ ಹೋಯಿತು. ಮುಂದಿನ ಅಕ್ಷರಕ್ಕೆ ಬಾಗಿಲು ತೆರೆಯಲೇ ಇಲ್ಲ. ಕೆಲವು ದಿನ ಲೋಟವೂ ಬಡಿಯುತ್ತಿತ್ತು. ನಾನು ಹಾಗೆಯೇ ಒಳಗಿದ್ದೆ, ಟೀಚರ್ ಹಾಗೆಯೇ ಮೇಲಿದ್ದರು. ಹಗ್ಗ ಮಾತ್ರ ಇಳಿಯುತ್ತಾ ಹತ್ತುತ್ತಾ ಇತ್ತು.

ಚಳಿಗಾಲದ ಕೊನೆಗೆ ಯಜಮಾನರು ಹೊಸದೊಂದು ಹೇಳತೊಡಗಿದರು. ಬೆಳಿಗ್ಗೆ ಎದ್ದವರೇ ಅಡುಗೆಮನೆಯ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು, “ಟೀ” ಎನ್ನುತ್ತಿದ್ದರು. ನಾನು ಚಾ ಮಾಡಿ ಕೊಡುತ್ತಿದ್ದೆ. ಕುಡಿದು ಮತ್ತೆ “ಟೀ”. ಮತ್ತೆ ಕೊಟ್ಟರೆ ದೂಡುತ್ತಿದ್ದರು. ಸಂಜೆ ಮತ್ತೆ ಅದೇ.

“ಎಷ್ಟು ಚಾ ಕುಡಿಯುದು ನೀವು? ಶುಗರ್ ಉಂಟು, ಗೊತ್ತುಂಟಲ್ಲ?” ಎಂದು ಗದರಿದೆ. ಗದರಿದರೂ ಒಳಗೊಳಗೆ ಖುಷಿ. ಚೀಲ ಕಟ್ಟುವಾಗ ಮೇಲಕ್ಕೆ ಕೂಗಿ ಹೇಳಿದೆ, “ಟೀಚರ್, ಇವರೀಗ ಬಾಯಿಬಿಟ್ಟು ಟೀ ಕೇಳ್ತಾರೆ!”

“ಟೀ? ಕಾರ್ಡಿನ್ಯಾಗ ನಾ ‘ಚಾ’ ಅಂತ ಅಲ್ಲೇನು ಬರದದ್ದು?” ಎಂದರು ಟೀಚರ್. ಚೀಲ ಅರ್ಧಕ್ಕೆ ಹೋಗಿ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ನಡುಗುತ್ತಾ ಇತ್ತು. ಆಮೇಲೆ ಮೇಲೆ ಹೋಯಿತು. ಕೈ ಸೋತಿರಬೇಕು ಎಂದುಕೊಂಡೆ.

ಹದಿನೈದು ದಿನದ ಮೇಲೆ, ಬೆಳಿಗ್ಗೆ ತರಕಾರಿಯವ ಎಷ್ಟು ಕೂಗಿದರೂ ಮೂರನೇ ಮಾಳಿಗೆಯಿಂದ ಹಗ್ಗ ಬರಲಿಲ್ಲ. ಅಣ್ಣನ ಮಗ ಬಂದು ಬಾಗಿಲು ತೆಗೆಸಿದ. ಟೀಚರ್ ಮಂಚದ ಮೇಲೆ ಮಲಗಿದಲ್ಲೇ ಹೋಗಿದ್ದರು, ಕನ್ನಡಕ ಮಡಚಿ ಪಕ್ಕದಲ್ಲಿಟ್ಟು. ನರಳಲಿಲ್ಲ, ಆಸ್ಪತ್ರೆಯ ಬಾಗಿಲು ಕಾಣಲಿಲ್ಲ. ಅಷ್ಟು ಕೃಪೆ ದೇವರು ಅವರಿಗೆ ಮಾಡಿದ.

ಹೇಳಿದ ಹಾಗೆಯೇ ಒಮ್ಮೆ ಇಳಿದರು, ನಾಲ್ಕು ಮಂದಿಯ ಹೆಗಲ ಮೇಲೆ. ಮೆಟ್ಟಿಲು ಸಪೂರ, ತಿರುವಿನಲ್ಲಿ ನಿಂತು ನಿಂತು ತರಬೇಕಾಯಿತು. ನಮ್ಮ ಬಾಗಿಲಿನ ಎದುರು ಹೊತ್ತವರು ದಣಿವಾರಿಸಿಕೊಳ್ಳಲು ನಿಂತಾಗ ನಾನು ಯಜಮಾನರನ್ನು ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದೆ. ಅವರು ಎಡಗೈ ಎತ್ತಿದರು.

“ಟೀ” ಎಂದರು.

ಅಲ್ಲಿದ್ದವರು ಯಾರೋ ಮೆಲ್ಲಗೆ, “ಪಾಪ, ಚಾಯ್ ಮಾಂಗ್ ರಹೇ ಹೈ” ಎಂದರು, ಚಾ ಕೇಳುತ್ತಿದ್ದಾರೆ ಎಂದುಕೊಂಡು. ಆಗ ನನಗೆ ಹೊಡೆದ ಹಾಗಾಯಿತು. ನಮ್ಮ ಊರಲ್ಲಿ ಚಾ. ಹೊಟೇಲಿನಲ್ಲಿ ಮೂವತ್ತು ವರ್ಷ ಅವರು ಕೂಗಿದ್ದು ಚಾ. ಟೀಚರ ಕಡೆಯವರಿಗೆ ಚಾ, ಚಹಾ. ಮುಂಬಯಿಗೆ ಚಾಯ್. ನಮ್ಮ ಮನೆಯಲ್ಲಿ ಈವರೆಗೆ ಒಬ್ಬರೂ ಅದನ್ನು ಟೀ ಅಂದವರಲ್ಲ.

ಆ ಮಳೆಯ ದಿನ ಅಷ್ಟೂ ಕಾರ್ಡು ಮಗುಚಿ ಅವರು ಹುಡುಕಿದ್ದು ಯಾವ ಮಾತನ್ನು ಎಂದು ನನಗೆ ಗೊತ್ತಿಲ್ಲ. ಇದೇ ಇರಬಹುದು, ಇಲ್ಲದೆಯೂ ಇರಬಹುದು. ಟೀಚರ್ ಬೇಕಾದ ಎಲ್ಲ ಮಾತನ್ನೂ ಬರೆದುಕೊಟ್ಟಿದ್ದರು, ತನ್ನನ್ನು ಕರೆಯುವ ಮಾತೊಂದನ್ನು ಬಿಟ್ಟು. ನಾನು ದಿನಾ ಕೂಗುತ್ತಿದ್ದ ಮಾತು ಅದು. ಯಜಮಾನರಿಗೂ ಅದು ಬೇಕಾದೀತು ಎಂದು ನನಗೆ ಹೊಳೆಯಲಿಲ್ಲ.

“ಟೀ” ಎಂದರು ಮತ್ತೆ. ನಾಲಿಗೆ ತಡಕಾಡಿತು. ಮುಂದಿನದು ಬರಲಿಲ್ಲ.

“…ಚರ್” ಎಂದೆ ನಾನು.

ಅವರು ನನ್ನ ಕಡೆ ತಿರುಗಿ, ಹೌದು ಹೌದು ಎಂದು ತಲೆಯಾಡಿಸಿದರು. ಹೆಗಲು ಕೊಟ್ಟವರು ಇಳಿದು ಹೋದರು.

ಮೇಲಿನ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಅಣ್ಣನ ಮಗ ಪ್ರಿಂಟರನ್ನೂ ಲ್ಯಾಪ್‌ಟಾಪನ್ನೂ ಉಳಿದ ಲಗ್ನಪತ್ರಿಕೆಗಳನ್ನೂ ನಮಗೆ ಕೊಟ್ಟುಹೋದ. ಎರಡು ಹೆಸರಿನಲ್ಲಿ ಯಾವುದನ್ನು ಒತ್ತಬೇಕೆಂದು ಟೀಚರ ಕಾಪಿ ಪುಸ್ತಕ ನೋಡಿ ಕಲಿತಿದ್ದೇನೆ. ಹಸಿರು ಬಟನ್ ಒತ್ತುವುದಿಲ್ಲ. ಚೀಲ ಅರ್ಧ ದಾರಿಯಲ್ಲಿ ನಿಂತ ಆ ದಿನ ಟೀಚರಿಗೆ ಅರ್ಥವಾಗಿತ್ತೇ ಎಂದು ದೇವರ ಮುಂದೆ ಎಷ್ಟೋ ಸಲ ಕೇಳಿದ್ದೇನೆ. ಅವರ ಕಿಟಕಿ ಅಂತೂ ಯಾವಾಗಲೂ ತೆರೆದಿರುತ್ತಿತ್ತು, ಇವರು “ಟೀ” ಎಂದದ್ದು ಅಲ್ಲಿಗೆ ಕೇಳಿಸಿರಬೇಕು. ಅಷ್ಟನ್ನು ಹಿಡಿದುಕೊಂಡಿದ್ದೇನೆ.

ಯಜಮಾನರು ಈಗಲೂ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು, ಮೇಲೆ ನೋಡಿ, “ಟೀ” ಎನ್ನುತ್ತಾರೆ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು “ಚರ್” ಎನ್ನುತ್ತೇನೆ. ಆಮೇಲೆ ಚಾಕ್ಕೆ ನೀರಿಡುತ್ತೇನೆ.